ಪಾಸ್‌ವರ್ಡ್ ಯಾರ ನೋಟ್‌ಬುಕ್‌ನಲ್ಲಿದೆ?

ಕಲಬುರಗಿಯ ಒಂದು ಕಾಲೇಜಿನ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟಿನ ಮೇಲೆ ಲಕ್ಷ್ಮಿಯ ಚಿತ್ರ, ಒಳಗೆ ಗೆರೆ ಹೊಡೆದ ಮೂರು ಸಾಲು: ಹೆಸರು, ಮೊಬೈಲ್ ಸಂಖ್ಯೆ, ಪಾಸ್‌ವರ್ಡ್. ಪರೀಕ್ಷಾ ಅರ್ಜಿ ತುಂಬುವ ದಿನಗಳಲ್ಲಿ ಅಂಗಡಿಯಾತ ಆ ಪುಸ್ತಕವನ್ನು ಕೈಯಿಂದ ಕೆಳಗಿಡುವುದಿಲ್ಲ. ಪಾಸ್‌ವರ್ಡ್‌ಗಳೆಲ್ಲ ಒಂದೇ ಅಚ್ಚಿನವು. ವಿದ್ಯಾರ್ಥಿಯ ಹೆಸರಿನ ಮುಂದೆ ಒಂದು ಚಿಹ್ನೆ, ಅದರ ಮುಂದೆ ಒಂದು ಎರಡು ಮೂರು. ಒಬ್ಬರದು ಗೊತ್ತಾದರೆ ಊರಿನದೆಲ್ಲ ಗೊತ್ತಾದಂತೆ. ‘ಇದೆಲ್ಲ ನಿನ್ನ ಬಳಿ ಏಕಿದೆ?’ ಎಂದು ಕೇಳಿದೆ. ‘ಸರ್, ಅವರು ಮರೆಯುತ್ತಾರೆ, ನಾನು ಮರೆಯುವುದಿಲ್ಲ’ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು.

ನಾನು ಪಾಠ ಮಾಡುವವನು, ಕಂಪ್ಯೂಟರ್ ಇಲಾಖೆಯವನಲ್ಲ. ಆದರೂ ಆ ಪುಸ್ತಕ ನೋಡಿದ ಮೇಲೆ ಒಂದು ವಿಷಯ ಖಚಿತವಾಯಿತು. ನಮ್ಮ ಭಾಗದ ಉನ್ನತ ಶಿಕ್ಷಣದ ಗಣಕ ಸೇವಾ ಕೇಂದ್ರ ಆವರಣದ ಒಳಗಿಲ್ಲ. ಅದು ಗೇಟಿನ ಆಚೆ, ತಗಡಿನ ಶೆಡ್ಡಿನ ಕೆಳಗೆ, ಪುಟಕ್ಕೆ ಎರಡು ರೂಪಾಯಿಯಂತೆ ನಡೆಯುತ್ತಿದೆ. ವಿಶ್ವವಿದ್ಯಾಲಯಗಳು ಸರ್ವರ್ ತಂದಿವೆ, ಪೋರ್ಟಲ್ ತಂದಿವೆ, ಸಂಶೋಧನಾ ನಿಯತಕಾಲಿಕಗಳ ಚಂದಾ ತಂದಿವೆ. ಅವನ್ನು ಬಳಸಲು ಕಲಿಸುವ ಕೆಲಸವನ್ನು ಮಾತ್ರ ಯಾರಿಗೂ ಹೇಳದೆ ಈ ಅಂಗಡಿಗೆ ಗುತ್ತಿಗೆ ಕೊಟ್ಟುಬಿಟ್ಟಿವೆ.

ಹೊರೆ ಎಷ್ಟು ಬೆಳೆದಿದೆ ನೋಡಿ. 2021ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆಯ ಮೂಲಕ ಹಾದುಹೋಗತೊಡಗಿದವು. ಅದೇ ವರ್ಷ ಜುಲೈನಲ್ಲಿ ಕೇಂದ್ರದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ಪಾಸಾದ ಪತ್ರಿಕೆಗಳಿಗೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು 12 ಅಂಕಿಗಳ ಒಂದು ಖಾತೆಗೆ ಜಮೆಯಾಗಬೇಕು. ಅಂಕಪಟ್ಟಿ ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಬೇರೆ, ಅದಕ್ಕೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇರೆ. ಆನ್‌ಲೈನ್ ಕೋರ್ಸು ಬೇಕೆಂದರೆ ಕೇಂದ್ರದ ‘ಸ್ವಯಂ’ ಜಾಲತಾಣ. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಸುರಪುರದ ಕಡೆಯ ಹಳ್ಳಿಯಿಂದ ಪದವಿಗೆ ಸೇರಿದ ಮೊದಲ ತಿಂಗಳಲ್ಲೇ ನಾಲ್ಕೈದು ಖಾತೆಗಳ ಒಡತಿಯಾಗುತ್ತಾಳೆ. ಕಾಗದದ ಮೇಲೆ ಮಾತ್ರ.

ಈ ಖಾತೆಗಳು ನೋಡಲು ಬಿಡಿಬಿಡಿ. ಆದರೆ ಒಂದರ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ದಾರಿ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ: ಮೊಬೈಲ್‌ಗೆ ಬರುವ ಒಟಿಪಿ, ಇಲ್ಲವೇ ಇಮೇಲ್‌ಗೆ ಬರುವ ಕೊಂಡಿ. ಎಲ್ಲ ಬಾಗಿಲುಗಳ ಬೀಗದ ಕೈ ಒಂದೇ ಮೊಳೆಗೆ ನೇತುಹಾಕಿದಂತೆ. ಆ ಮೊಳೆ ಎಲ್ಲಿದೆ? ಹುಡುಗಿಯ ಇಮೇಲ್ ಖಾತೆಯನ್ನು ತೆರೆದವನು ಅಂಗಡಿಯವನು. ಮರುಪಡೆಯುವಿಕೆಗೆ ಕೊಟ್ಟದ್ದು ಅವಸರದಲ್ಲಿ ಅವನದೇ ಮೊಬೈಲ್ ಸಂಖ್ಯೆ ಇರಬಹುದು. ಪೋರ್ಟಲ್‌ಗೆ ಕೊಟ್ಟದ್ದು ಅಪ್ಪನ ಸಂಖ್ಯೆ, ಅಪ್ಪ ಪುಣೆಗೋ ಮುಂಬೈಗೋ ಕೆಲಸಕ್ಕೆ ಹೋದವರು. ಒಟಿಪಿ ಅಲ್ಲಿಗೆ ಹೋಗುತ್ತದೆ, ಅವರು ಕಟ್ಟಡದ ಮೇಲಿರುತ್ತಾರೆ, ಹತ್ತು ನಿಮಿಷ ಕಳೆಯುತ್ತದೆ. ಅರ್ಜಿ ಮತ್ತೆ ಮೊದಲಿನಿಂದ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ರೀಚಾರ್ಜ್ ಮಾಡದೆ ಬಿಟ್ಟು ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು ಕಂಪನಿಗಳು 90 ದಿನಗಳ ನಂತರ ಬೇರೊಬ್ಬ ಗ್ರಾಹಕರಿಗೆ ಕೊಡಬಹುದು. ನಮ್ಮ ವಿದ್ಯಾರ್ಥಿಗಳು ಆಫರ್ ನೋಡಿ ಸಿಮ್ ಬದಲಿಸುವವರು. ಮೊದಲ ಸೆಮಿಸ್ಟರ್‌ನಲ್ಲಿ ಕೊಟ್ಟ ಸಂಖ್ಯೆ ಆರನೆಯ ಸೆಮಿಸ್ಟರ್ ಹೊತ್ತಿಗೆ ಅಪರಿಚಿತರೊಬ್ಬರ ಜೇಬಿನಲ್ಲಿರುತ್ತದೆ. ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ಡಿಜಿಲಾಕರ್ ತೆರೆಯಲು ಹೋದರೆ ಒಟಿಪಿ ಯಾರಿಗೋ ಹೋಗಿರುತ್ತದೆ. ಹ್ಯಾಕರ್‌ಗಳ ಕಥೆ ಹೇಳಿ ಹೆದರಿಸುವ ಭಾಷಣಗಳಲ್ಲಿ ಈ ಸಾದಾ ಸಂಗತಿಯನ್ನು ನಾನು ಒಮ್ಮೆಯೂ ಕೇಳಿಲ್ಲ.

ಹೆಸರಿನ ತಂಟೆಯೂ ಇಲ್ಲಿಯದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರಿನ ಜೊತೆ ಹಲವು ಸಲ ತಂದೆಯ ಹೆಸರಿನ ಮೊದಲ ಅಕ್ಷರ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಸೇರಿಕೊಂಡಿರುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಓಡಾಡುವ ಕಲಬುರಗಿ–ಬೀದರ್ ಸೀಮೆಯಲ್ಲಿ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ. ಮೊಹಮ್ಮದ್ ಎಂಬ ಹೆಸರಿನ ಕಾಗುಣಿತಗಳನ್ನು ಎಣಿಸುತ್ತ ಕುಳಿತರೆ ಒಂದು ಮಧ್ಯಾಹ್ನ ಕಳೆದೀತು. ಮನುಷ್ಯ ಗುಮಾಸ್ತ ನೋಡಿದರೆ ‘ಇಬ್ಬರೂ ಒಬ್ಬನೇ’ ಎನ್ನುತ್ತಾನೆ, ಯಂತ್ರ ಹಾಗೆನ್ನುವುದಿಲ್ಲ. ಅದಕ್ಕೆ ಒಂದು ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ. ಪ್ರವೇಶದ ದಿನವೇ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ‘ಯಾವುದನ್ನು ಎಲ್ಲಿ ತಿದ್ದಿಸಬೇಕು’ ಎಂದು ಹೇಳಿಬಿಟ್ಟರೆ ಸಾಕು, ಮೂರು ವರ್ಷದ ತೊಂದರೆ ತಪ್ಪುತ್ತದೆ. ನಾವು ಅದನ್ನು ಕೊನೆಯ ಸೆಮಿಸ್ಟರ್‌ನಲ್ಲಿ ಕಂಡುಹಿಡಿಯುತ್ತೇವೆ.

ಹಾಗಾದರೆ ತರಬೇತಿಯೇ ಇಲ್ಲವೇ? ಇದೆ. ಬೇಕಾದಷ್ಟಿದೆ. ಸಭಾಂಗಣದಲ್ಲಿ ‘ಡಿಜಿಟಲ್ ಸಾಕ್ಷರತೆ’ ಎಂಬ ಫ್ಲೆಕ್ಸ್, ಸಸಿಗೆ ನೀರೆರೆಯುವ ಉದ್ಘಾಟನೆ, ಶಾಲು, ಹಾರ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಂದ ಸಂಪನ್ಮೂಲ ವ್ಯಕ್ತಿ ಎಂಬತ್ತು ಸ್ಲೈಡುಗಳನ್ನು ಒಂದು ಗಂಟೆಯಲ್ಲಿ ಓಡಿಸುತ್ತಾರೆ. ಕೃತಕ ಬುದ್ಧಿಮತ್ತೆ ಬಂದಿದೆ, ಬ್ಲಾಕ್‌ಚೈನ್ ಬರಲಿದೆ. ಊಟ, ಪ್ರಮಾಣಪತ್ರ, ಗುಂಪು ಚಿತ್ರ. ಮರುದಿನ ಅದೇ ಸಭಿಕರು ಅದೇ ಅಂಗಡಿಯ ಮುಂದೆ ಸಾಲು ನಿಂತಿರುತ್ತಾರೆ. ಅವರಲ್ಲಿ ಅಧ್ಯಾಪಕರೂ ಇರುತ್ತೇವೆ. ಆನ್‌ಲೈನ್ ರಿಫ್ರೆಶರ್ ಕೋರ್ಸಿಗೆ ನೋಂದಣಿ ಮಾಡಿಸಲು ನಾನೇ ಒಮ್ಮೆ ನಿಂತಿದ್ದೇನೆ. ಪದೋನ್ನತಿಗೆ ಬೇಕಾಗುವುದು ಪ್ರಮಾಣಪತ್ರ, ಕಲಿಕೆಯಲ್ಲ. ಹೀಗಾಗಿ ತರಬೇತಿ ಒಂದು ಸಮಾರಂಭವಾಗಿ ಉಳಿದಿದೆ, ಸೇವೆಯಾಗಿಲ್ಲ.

ಸಮಾರಂಭಕ್ಕೂ ಸೇವೆಗೂ ಇರುವ ಅಂತರ ಸಮಯದ್ದು. ಕಲಿಯಬೇಕೆನ್ನುವ ಆಸೆ ಮನುಷ್ಯನಿಗೆ ಹುಟ್ಟುವುದು ಕೆಲಸ ಕೆಟ್ಟಾಗ. ಅರ್ಜಿ ಸಲ್ಲಿಕೆಯಾಗದೆ ಪರದೆ ಕೆಂಪಾದ ಆ ಐದು ನಿಮಿಷದಲ್ಲಿ ಪಕ್ಕದಲ್ಲಿ ಒಬ್ಬರು ನಿಂತು ತೋರಿಸಿದರೆ ಅದು ಜೀವನಪೂರ್ತಿ ನೆನಪಿರುತ್ತದೆ. ಅಂಗಡಿಯವನು ಗೆಲ್ಲುವುದು ಇಲ್ಲಿಯೇ. ಅವನ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆದರೆ ರಾತ್ರಿ ಒಂಬತ್ತರವರೆಗೂ ಇರುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗಿನ ಸಮಯ ನಿಗದಿಯಾಗುತ್ತದೆ. 43 ಡಿಗ್ರಿ ಬಿಸಿಲಿನಲ್ಲಿ ಅದು ನ್ಯಾಯವೇ, ನಾನು ತಕರಾರು ಮಾಡುವುದಿಲ್ಲ. ಆದರೆ ಆನ್‌ಲೈನ್ ಅರ್ಜಿಯ ಕೊನೆಯ ದಿನಾಂಕಕ್ಕೆ ಬಿಸಿಲು ತಾಗುವುದಿಲ್ಲ. ಮಧ್ಯಾಹ್ನ ಎರಡರ ನಂತರ ವಿದ್ಯಾರ್ಥಿಗೆ ಕಾಣುವ ತೆರೆದ ಬಾಗಿಲು ಅದೊಂದೇ. ಮೇಲಾಗಿ ಅವನು ಕನ್ನಡದಲ್ಲಿ, ದಖ್ಖನಿ ಉರ್ದುವಿನಲ್ಲಿ, ಬೈಯದೆ ಮಾತಾಡುತ್ತಾನೆ. ‘ಇಷ್ಟೂ ಗೊತ್ತಿಲ್ಲವೇ?’ ಎಂದು ಕೇಳುವುದಿಲ್ಲ. ಕಚೇರಿಗಳಲ್ಲಿ ಆ ಪ್ರಶ್ನೆ ಎಷ್ಟು ವಿದ್ಯಾರ್ಥಿಗಳನ್ನು ಹಿಂದಿರುಗಿಸಿದೆಯೋ.

ಅವನು ಮಾಡದ ಕೆಲಸ ಒಂದೇ, ಕಲಿಸುವುದು. ಕಲಿಸಿದರೆ ಗಿರಾಕಿ ತಪ್ಪುತ್ತಾನೆ. ಅದು ಅವನ ತಪ್ಪೂ ಅಲ್ಲ.

ಸಂಶೋಧನೆಯ ಕಡೆಗೆ ಬಂದರೆ ಈ ಕೊರತೆಗೆ ತೆರುವ ಬೆಲೆ ಇನ್ನೂ ದೊಡ್ಡದು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ವತಂತ್ರವಾಗುವ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ವಚನ, ತತ್ವಪದ, ಶಾಸನ, ಜಾನಪದ ಕುರಿತು ಈ ನೆಲದಲ್ಲಿ ನಡೆದ ಕನ್ನಡ ಸಂಶೋಧನೆಗೆ ದಶಕಗಳ ಇತಿಹಾಸವಿದೆ. ಪಿಎಚ್‌ಡಿ ಪ್ರಬಂಧದ ಗಣಕ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಆ ಪ್ರತಿಗಳು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರ ನಡೆಸುವ ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ. ಒಳ್ಳೆಯ ಏರ್ಪಾಡು. ಆದರೆ ಕನ್ನಡ ಪ್ರಬಂಧಗಳಲ್ಲಿ ಬಹಳಷ್ಟು ಇಂದಿಗೂ ಡಿಟಿಪಿ ಅಂಗಡಿಯಲ್ಲಿ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ ಸಿದ್ಧವಾಗುತ್ತವೆ.

ಆಸ್ಕಿ ಎಂದರೇನು ಎಂಬುದನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡದ ಮಾರ್ಗದರ್ಶಕರಲ್ಲೇ ಹಲವರಿಗೆ ಇದು ತಿಳಿದಿಲ್ಲ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದಾಗ ಯಂತ್ರದೊಳಗೆ ಕೂರುವುದು ಕನ್ನಡ ಅಕ್ಷರವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದರ ಮೇಲೆ ಕನ್ನಡದ ಆಕಾರವನ್ನು ಮುಖವಾಡದಂತೆ ತೊಡಿಸಲಾಗಿರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚಲು. ಯುನಿಕೋಡ್‌ನಲ್ಲಾದರೆ ‘ಕ’ ಎಂಬುದಕ್ಕೆ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಒಂದು ಸ್ವಂತ ಸಂಖ್ಯೆ ಇರುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಮೇಲೆ ಒಬ್ಬ ಸಂಶೋಧಕ ಮುನ್ನೂರು ಪುಟ ಬರೆದಿದ್ದಾನೆ ಎಂದುಕೊಳ್ಳಿ. ಅದು ಆಸ್ಕಿಯಲ್ಲಿದ್ದರೆ, ಪಿಡಿಎಫ್‌ನಲ್ಲಿ ‘ಮಡಿವಾಳಪ್ಪ’ ಎಂದು ಹುಡುಕಿದರೆ ಬರುವ ಉತ್ತರ: ಸಿಗಲಿಲ್ಲ. ಮುನ್ನೂರು ಪುಟದ ತುಂಬ ಅವರೇ ಇದ್ದಾರೆ, ಆದರೂ ಯಂತ್ರದ ಲೆಕ್ಕಕ್ಕೆ ಅವರು ಅಲ್ಲಿಲ್ಲ.

ಪರಿಣಾಮ ಎರಡು ಕಡೆಗೆ. ಮೊದಲನೆಯದು, ಆ ಪ್ರಬಂಧ ಮುಂದಿನ ಸಂಶೋಧಕರ ಹುಡುಕಾಟಕ್ಕೆ ಸಿಗುವುದಿಲ್ಲ. ಎರಡನೆಯದು ಹೆಚ್ಚು ಮುಜುಗರದ್ದು. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗಿನ ಸಾಮ್ಯ 10 ಪ್ರತಿಶತದವರೆಗಿದ್ದರೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ ತಿದ್ದಿ ಮರುಸಲ್ಲಿಸಬೇಕು. 40ರಿಂದ 60ರ ನಡುವಾದರೆ ಒಂದು ವರ್ಷ ನಿಷೇಧ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಈ ಅಳತೆ ಮಾಡುವ ತಂತ್ರಾಂಶಕ್ಕೆ ಆಸ್ಕಿ ಕಡತ ಕೊಟ್ಟರೆ ಅದು ಓದುವುದು ಗೀಚಲನ್ನು. ಗೀಚಲು ಯಾವುದರ ಜೊತೆಗೆ ಹೋಲಬೇಕು? ಕದ್ದವನೂ ಪಾರು, ಕದಿಯದವನಿಗೂ ಪ್ರಮಾಣಪತ್ರದ ಬೆಲೆಯಿಲ್ಲ. ಸಾಮ್ಯ ಸೊನ್ನೆ ಎಂಬ ವರದಿಯನ್ನು ಹೆಮ್ಮೆಯಿಂದ ಪ್ರಬಂಧಕ್ಕೆ ಲಗತ್ತಿಸಿದ್ದನ್ನು ನಾನು ನೋಡಿದ್ದೇನೆ. ಯಾವ ಪ್ರಾಮಾಣಿಕ ಸಂಶೋಧನೆಯಲ್ಲೂ ಸಾಮ್ಯ ಸೊನ್ನೆ ಬರುವುದು ಕಷ್ಟ.

ಪರಿವರ್ತಕಗಳಿವೆ, ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಕಷ್ಟವೆಂದರೆ ಅರ್ಕಾವೊತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಂತಹ ಕಡೆ. ನಡುವೆ ಇಂಗ್ಲಿಷ್ ಉದ್ಧರಣೆಗಳಿದ್ದರೆ ಅವೂ ಕನ್ನಡದ ಗೀಚಲಾಗಿ ತಿರುಗುತ್ತವೆ. ಮುನ್ನೂರು ಪುಟ ಪರಿವರ್ತಿಸಿ ಕರಡು ತಿದ್ದುವುದಕ್ಕಿಂತ ಮೊದಲ ಪುಟದಿಂದಲೇ ಯುನಿಕೋಡ್‌ನಲ್ಲಿ ಬರೆಯುವುದು ಸುಲಭ. ಇದಕ್ಕೆ ಹಣ ಬೇಕಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲೇ ಯುನಿಕೋಡ್ ಇದೆ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಅಲ್ಲಿಯೂ ಬಳಸಬಹುದು, ಬೆರಳಿಗೆ ಹೊಸದೇನೂ ಇಲ್ಲ. ವಿಂಡೋಸ್ ಬದಲಿಗೆ ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲೂ ಅದೇ ವಿನ್ಯಾಸ ಸಿಗುತ್ತದೆ. ಹಾಗೆಂದು ಯುನಿಕೋಡ್ ಸರ್ವರೋಗ ನಿವಾರಕವೂ ಅಲ್ಲ. ಪಿಡಿಎಫ್ ಮಾಡಿದ ಮೇಲೆ ಒತ್ತಕ್ಷರಗಳು ಕೆಲವೊಮ್ಮೆ ಕಲಸಿಹೋಗುತ್ತವೆ. ಅದಕ್ಕಾಗಿ ಮೂಲ ಕಡತವನ್ನೂ ಜೊತೆಗೆ ಸಲ್ಲಿಸಿಕೊಳ್ಳಬೇಕು. ಪಿಎಚ್‌ಡಿ ಪೂರ್ವ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನದ ಬಗ್ಗೆ ಗಂಟೆಗಟ್ಟಲೆ ಪಾಠವಿದೆ. ಈ ಒಂದು ಮಧ್ಯಾಹ್ನದ ಪಾಠಕ್ಕೆ ಜಾಗವಿಲ್ಲ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾ ನೋಡಲು ಹೋದಾಗಲೆಲ್ಲ ನನಗೆ ಪೆನ್‌ಡ್ರೈವ್ ನೆನಪಾಗುತ್ತದೆ. ಹದಿನೈದನೆಯ ಶತಮಾನದ ಆ ವಿದ್ಯಾಲಯದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಕುಸಿಯಿತು. ನಮ್ಮ ಸಂಶೋಧಕನ ಐದು ವರ್ಷದ ದುಡಿಮೆ ಒಂದು ಪೆನ್‌ಡ್ರೈವ್‌ನಲ್ಲಿರುತ್ತದೆ, ಆ ಪೆನ್‌ಡ್ರೈವ್ ಡಿಟಿಪಿ ಅಂಗಡಿಯ ವೈರಸ್ ತುಂಬಿದ ಯಂತ್ರಕ್ಕೆ ದಿನಾ ಚುಚ್ಚಿಸಿಕೊಳ್ಳುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬುದು ಗಣಕ ಲೋಕದ ಹಳೆಯ ಲೆಕ್ಕ. ಗವಾನನಿಗೆ ಆ ಅನುಕೂಲವಿರಲಿಲ್ಲ.

ಈಗ ಚಂದಾ ವಿಷಯ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. 2025ರ ಜನವರಿಯಿಂದ ಜಾರಿ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ, ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜುಗಳಿಗೆ ಇದು ಸಣ್ಣ ಸಂಗತಿಯಲ್ಲ. ಒಂದು ಲೇಖನಕ್ಕೆ ಮೂವತ್ತು ಡಾಲರ್ ಕೇಳುತ್ತಿದ್ದ ಬಾಗಿಲುಗಳು ತೆರೆದಿವೆ. ಯೋಜನೆಯ ಮೊದಲ ಹಂತ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ ಸೀಮಿತ, ಹಾಗಾಗಿ ಖಾಸಗಿ ಕಾಲೇಜುಗಳೇ ಹೆಚ್ಚಿರುವ ಕಲಬುರಗಿಯಲ್ಲಿ ಹೊರಗುಳಿದವರೂ ಬಹಳ.

ಒಳಗಿರುವವರ ಸ್ಥಿತಿ? ಆವರಣದ ಜಾಲದಲ್ಲಿದ್ದಾಗ ಲೇಖನ ತಾನಾಗಿ ತೆರೆಯುತ್ತದೆ. ಸಂಜೆ ಮನೆಗೆ ಹೋಗಿ, ರೂಮಿನಲ್ಲಿ ಕುಳಿತು, ಮೊಬೈಲ್ ಡೇಟಾದಲ್ಲಿ ತೆರೆದರೆ ಮತ್ತೆ ಹಣ ಕೇಳುತ್ತದೆ. ಹೊರಗಿನಿಂದ ಓದಲು ಸಂಸ್ಥೆಯ ಹೆಸರಿನ ಖಾತೆ ಬೇಕು. ಅದನ್ನು ಸಂಸ್ಥೆಯವರು ವಿದ್ಯಾರ್ಥಿಗೆ ಮಾಡಿಕೊಡಬೇಕು, ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ವ್ಯವಸ್ಥೆ ಇರುವುದೇ ಇದಕ್ಕೆ. ದಿನಾ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗಳೇ ಹೆಚ್ಚಿರುವ ಕಡೆ ಮನೆಯಿಂದ ಓದುವ ದಾರಿ ತೋರಿಸದಿದ್ದರೆ ಆ ಚಂದಾ ಅರ್ಧಕ್ಕರ್ಧ ವ್ಯರ್ಥ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಿದ್ದೆವು. ಈಗ ಕಡಲೆ ರಾಶಿ ಬಿದ್ದಿದೆ.

ಕಂಪ್ಯೂಟರ್ ಪ್ರಯೋಗಾಲಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಸುರಕ್ಷಾ ಬೆಂಬಲ ಮುಗಿದಿದೆ. 2018ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 11ಕ್ಕೆ ಅರ್ಹವಲ್ಲ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ ಒಂದು ಡಾಲರ್‌ನಂತೆ ಬೆಂಬಲ ಮುಂದುವರಿಸುವ ಅವಕಾಶವಿದೆ, ದರ ವರ್ಷವರ್ಷಕ್ಕೆ ದುಪ್ಪಟ್ಟಾಗುತ್ತದೆ. ಇಲ್ಲವಾದರೆ ಆ ಯಂತ್ರಗಳಿಗೆ ಲಿನಕ್ಸ್ ಹಾಕಬಹುದು. ಮೂರನೆಯ ದಾರಿ ಎಂದರೆ ಏನೂ ಮಾಡದೆ ಕೂರುವುದು. ಹೆಚ್ಚಿನವರು ಆರಿಸುವುದು ಮೂರನೆಯದನ್ನು.

ಕಾನೂನು ಮಾತ್ರ ಕಾಯುವುದಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಬಾಧ್ಯತೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಯಾಗುತ್ತವೆ. ವಿದ್ಯಾರ್ಥಿಯ ಆಧಾರ್, ಜಾತಿ, ಆದಾಯ, ಬ್ಯಾಂಕ್ ಖಾತೆಯ ವಿವರ ಸಂಸ್ಥೆಯ ಬಳಿ ಇರುವಷ್ಟು ದಿನ ಅದರ ರಕ್ಷಣೆಯ ಹೊಣೆ ಸಂಸ್ಥೆಯದು. ಆದರೆ ಅದೇ ವಿವರಗಳು ಅಂಗಡಿಯ ಡೆಸ್ಕ್‌ಟಾಪ್‌ನ ‘ಹೊಸ ಫೋಲ್ಡರ್ 14’ರಲ್ಲಿ ಬಿದ್ದಿವೆಯಲ್ಲ, ಅದರ ಹೊಣೆ ಯಾರದು? ‘ವಿದ್ಯಾರ್ಥಿ ತಾನೇ ಕೊಟ್ಟದ್ದು’ ಎಂದು ಕೈತೊಳೆದುಕೊಳ್ಳಬಹುದು. ಆವರಣದ ಒಳಗೆ ಸಹಾಯಕ್ಕೆಂದು ಒಂದು ಮೇಜು ಇಟ್ಟಿದ್ದರೆ ಅವನು ಹೊರಗೆ ಹೋಗುತ್ತಿದ್ದನೇ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಆ ಮೇಜಿಗೆ ಬೇಕಾಗುವುದು ಬಹಳವಲ್ಲ. ಎರಡು ಯಂತ್ರ, ಒಂದು ಯುಪಿಎಸ್, ಸಂಜೆ ಏಳರವರೆಗೆ ಕೂರುವ ಇಬ್ಬರು. ಹಿರಿಯ ತರಗತಿಯ ಬಿಸಿಎ, ಎಂಸಿಎ ವಿದ್ಯಾರ್ಥಿಗಳಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಟ್ಟು ಕೂರಿಸಬಹುದು, ಅವರಿಗೂ ಅನುಭವ. ಒಂದೇ ಕಟ್ಟುನಿಟ್ಟು: ಕೀಲಿಮಣೆ ಮುಟ್ಟುವುದು ಬಂದವರೇ, ಕೂತವರು ಬಾಯಿಂದ ಹೇಳಬೇಕು. ಅರ್ಜಿಗೆ ಐದು ನಿಮಿಷದ ಬದಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ನಿಮಿಷದ ಪಾಠಗಳು ಕನ್ನಡದಲ್ಲೂ ಇವೆ; ಕಾಯುವವರಿಗೆ ಅವನ್ನು ಹಾಕಿಡಬಹುದು. ಪ್ರವೇಶದ ವಾರದಲ್ಲಿ ಪ್ರತಿ ವಿದ್ಯಾರ್ಥಿಗೂ ಅರ್ಧ ಗಂಟೆ: ಸ್ವಂತ ಇಮೇಲ್, ಸ್ವಂತ ಸಂಖ್ಯೆ, ತನ್ನದೇ ಉದ್ದನೆಯ ಪಾಸ್‌ವರ್ಡ್, ಹೆಸರಿನ ಹೊಂದಾಣಿಕೆ. ಮೋಸ ಹೋದರೆ ಕರೆ ಮಾಡಬೇಕಾದ ಸಂಖ್ಯೆ 1930 ಎಂಬುದು ಗೋಡೆಯ ಮೇಲೆ ದೊಡ್ಡದಾಗಿ.

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ತರಗತಿಯ ಒಬ್ಬ ಹುಡುಗಿಯೊಂದಿಗೆ ಕುಳಿತು ಇದನ್ನು ಮಾಡಿ ನೋಡಿದೆ. ಇಮೇಲ್‌ನ ಮರುಪಡೆಯುವಿಕೆ ಸಂಖ್ಯೆ ನಾವು ಅಂದುಕೊಂಡಂತೆ ಅಂಗಡಿಯವನದೇ ಆಗಿತ್ತು. ಅವನಿಗೆ ಫೋನ್ ಮಾಡಿ ಒಟಿಪಿ ಕೇಳಬೇಕಾಯಿತು. ಕೊಟ್ಟ, ಹತ್ತು ರೂಪಾಯಿ ಕೇಳಲಿಲ್ಲ. ಅವಳು ತನ್ನ ಸಂಖ್ಯೆ ಸೇರಿಸಿದಳು, ನಾನು ಅತ್ತ ತಿರುಗಿ ಕುಳಿತಾಗ ಪಾಸ್‌ವರ್ಡ್ ಬದಲಿಸಿದಳು. ಪೂರ್ತಿ ನಲವತ್ತು ನಿಮಿಷ. ನನ್ನ ತರಗತಿಯಲ್ಲಿ ಇನ್ನೂ ಅರವತ್ತೆರಡು ಮಂದಿ ಇದ್ದಾರೆ.